ಪರಮಾಣು ರಿಯಾಕ್ಟರ್ ಪಾತ್ರೆಗಳ ತಪಾಸಣೆಯಲ್ಲಿ ನೀರೊಳಗಿನ ರೋಬೋಟ್‌ಗಳು

ನೀರೊಳಗಿನ ತಪಾಸಣಾ ರೋಬೋಟ್‌ಗಳು ಪರಮಾಣು ವಿದ್ಯುತ್ ಸ್ಥಾವರಗಳ ರಿಯಾಕ್ಟರ್ ಒತ್ತಡ ಪಾತ್ರೆ, ಅದರ ಒಳಭಾಗಗಳು ಮತ್ತು ಅದರ ಸುತ್ತಲಿನ ಜಲಾವೃತ ಜಾಗಗಳನ್ನು ಪರೀಕ್ಷಿಸಲು ಬಳಸುವ ದೂರನಿಯಂತ್ರಿತ ಯಂತ್ರಗಳು. ವಿಕಿರಣದ ಪ್ರಮಾಣ ಅತಿ ಹೆಚ್ಚಾಗಿರುವುದರಿಂದ ಮನುಷ್ಯರು ಈ ಜಾಗಗಳನ್ನು ಪ್ರವೇಶಿಸುವುದು ಸಾಧ್ಯವಿಲ್ಲ, ಅಥವಾ ಅತ್ಯಲ್ಪ ಅವಧಿಗೆ ಮಾತ್ರ ಸಾಧ್ಯ. ಕ್ಯಾಮೆರಾ, ದೀಪ, ಶ್ರವಣಾತೀತ ಧ್ವನಿಯ ಶೋಧಕ ಮತ್ತು ವಿಕಿರಣಮಾಪಕಗಳನ್ನು ಹೊತ್ತ ಈ ಯಂತ್ರಗಳು ಲೋಹದ ಬಿರುಕು, ಸವಕಳಿ, ಸಡಿಲಗೊಂಡ ಭಾಗ ಮೊದಲಾದ ದೋಷಗಳನ್ನು ಪತ್ತೆಹಚ್ಚುತ್ತವೆ. ಸುಸ್ಥಿತಿಯಲ್ಲಿರುವ ಸ್ಥಾವರಗಳಲ್ಲಿ ಇವನ್ನು ನಿಯತಕಾಲಿಕ ತಪಾಸಣೆಗೆ ಬಳಸಲಾಗುತ್ತದೆ. ಜಪಾನಿನ ಫುಕುಶಿಮಾ ದಾಯ್‌ಇಚಿಯಂತಹ ಅಪಘಾತಕ್ಕೀಡಾದ ಸ್ಥಾವರಗಳಲ್ಲಿ, ಕರಗಿಹೋದ ಇಂಧನ ಎಲ್ಲಿ ಸೇರಿದೆ ಎಂಬುದನ್ನು ಅರಿಯಲು ಇವು ನೆರವಾಗಿವೆ.

ಹಿನ್ನೆಲೆ

ರಿಯಾಕ್ಟರ್ ಒತ್ತಡ ಪಾತ್ರೆಯು ಪರಮಾಣು ಇಂಧನ, ನಿಯಂತ್ರಣ ಸರಳುಗಳು ಮತ್ತು ಶೀತಕ ಜಲವನ್ನು ಒಳಗೊಂಡ ದಪ್ಪ ಉಕ್ಕಿನ ಕೊಳಗ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒತ್ತಡದ ನೀರಿನ ರಿಯಾಕ್ಟರ್‌ಗಳಲ್ಲಿ ಈ ಪಾತ್ರೆಯ ಎತ್ತರ ಸುಮಾರು 12 ಮೀಟರ್, ವ್ಯಾಸ ಸುಮಾರು 4 ಮೀಟರ್ ಹಾಗೂ ಗೋಡೆಯ ದಪ್ಪ ಸುಮಾರು 20 ಸೆಂಟಿಮೀಟರ್ ಇರುತ್ತದೆ. ಒಳಗಿನ ನೀರು 300 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ತಾಪದಲ್ಲಿ, ವಾಯುಮಂಡಲದ ಒತ್ತಡದ ಸುಮಾರು 150 ಪಟ್ಟು ಒತ್ತಡದಲ್ಲಿರುತ್ತದೆ. ಕುದಿಯುವ ನೀರಿನ ರಿಯಾಕ್ಟರ್‌ಗಳಲ್ಲಿ ಒತ್ತಡವು ಸುಮಾರು ಅದರ ಅರ್ಧದಷ್ಟಿದ್ದು, ಪಾತ್ರೆಯು ಇನ್ನಷ್ಟು ಎತ್ತರವಾಗಿರುತ್ತದೆ. ತುಕ್ಕು ಹಿಡಿಯದಂತೆ ಪಾತ್ರೆಯ ಒಳಮೈಗೆ ಕೆಲವು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಲೇಪನವನ್ನು ಬೆಸೆಯಲಾಗುತ್ತದೆ.

ಸ್ಥಾವರದ ಬಹುತೇಕ ಭಾಗಗಳನ್ನು, ಪಾತ್ರೆಯ ಮುಚ್ಚಳವನ್ನೂ ಸೇರಿಸಿ, ಅಗತ್ಯಬಿದ್ದಾಗ ಬದಲಾಯಿಸಬಹುದು. ಆದರೆ ಪಾತ್ರೆಯನ್ನು ಬದಲಾಯಿಸುವ ರೂಢಿಯಿಲ್ಲ. ಆದ್ದರಿಂದ ಅದರ ಆಯುಷ್ಯವೇ ಸ್ಥಾವರದ ಆಯುಷ್ಯವನ್ನು ನಿರ್ಧರಿಸುತ್ತದೆ. ಪಾತ್ರೆಯು ಒಡೆದರೆ ಇಂಧನವನ್ನು ತಂಪಾಗಿಡುವ ನೀರನ್ನು ಹಿಡಿದಿಡಲು ಬೇರೆ ದಾರಿ ಇರುವುದಿಲ್ಲ. ಅಂತಹ ಘಟನೆ ಸಂಭವಿಸದಂತೆ ನೋಡಿಕೊಳ್ಳುವುದೇ ತಪಾಸಣೆಯ ಉದ್ದೇಶ.

ತಪಾಸಣೆಯ ಅಗತ್ಯ

ರಿಯಾಕ್ಟರ್ ಪಾತ್ರೆ ಮತ್ತು ಅದರ ಒಳಭಾಗಗಳು ಕಾಲಕ್ರಮೇಣ ದುರ್ಬಲಗೊಳ್ಳಲು ಮುಖ್ಯವಾಗಿ ಈ ಕೆಳಗಿನ ಕಾರಣಗಳಿವೆ:

ನ್ಯೂಟ್ರಾನ್ ಹೊಡೆತ: ಇಂಧನದಿಂದ ಹೊರಬೀಳುವ ನ್ಯೂಟ್ರಾನ್‌ಗಳು ಪಾತ್ರೆಯ ನಡುಭಾಗದ ಉಕ್ಕಿಗೆ ದಶಕಗಳ ಕಾಲ ಬಡಿಯುತ್ತಿರುವುದರಿಂದ ಅದು ಕ್ರಮೇಣ ಪೆಡಸಾಗುತ್ತದೆ. ಪೆಡಸಾದ ಉಕ್ಕಿನಲ್ಲಿ ಸಣ್ಣ ಬಿರುಕೂ ಅಪಾಯಕಾರಿ.

ಒತ್ತಡಜನ್ಯ ಸವೆತದ ಬಿರುಕು: ಎಳೆತ, ಬಿಸಿನೀರು ಮತ್ತು ಲೋಹದ ಗುಣ ಈ ಮೂರೂ ಸೇರಿದಾಗ ಬೆಸುಗೆಗಳ ಬಳಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಫ್ರಾನ್ಸಿನ ಬ್ಯುಜೆ ಸ್ಥಾವರದ 3ನೇ ಘಟಕದಲ್ಲಿ 1991ರಲ್ಲಿ ಪಾತ್ರೆಯ ಮುಚ್ಚಳದ ಕೊಳವೆಯೊಂದು ಇದೇ ಕಾರಣದಿಂದ ಸೋರಿದ್ದು ಪತ್ತೆಯಾಯಿತು.

ಕಂಪನ ಮತ್ತು ಘರ್ಷಣೆ: ವೇಗವಾಗಿ ಹರಿಯುವ ನೀರಿನಿಂದ ಬೋಲ್ಟ್‌ಗಳು ಸಡಿಲಗೊಳ್ಳಬಹುದು, ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯಬಹುದು.

ತಯಾರಿಕಾ ದೋಷ: ಉಕ್ಕನ್ನು ಎರಕ ಹೊಯ್ದು ಕುಲುಮೆಯಲ್ಲಿ ಬಡಿಯುವಾಗಲೇ ಉಳಿದುಕೊಂಡ ದೋಷಗಳು ವರ್ಷಗಳ ನಂತರ ಗಮನಕ್ಕೆ ಬರಬಹುದು.

ಈ ಕಾರಣಗಳಿಂದ ಪಾತ್ರೆಯ ಬೆಸುಗೆಗಳನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವುದು ಕಡ್ಡಾಯ. ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘವು ರೂಪಿಸಿದ, ಇತರ ಹಲವು ದೇಶಗಳಲ್ಲೂ ಆಧಾರವಾಗಿರುವ ಸಂಹಿತೆಯಲ್ಲಿ ತಪಾಸಣೆಯ ಮೂಲ ಅವಧಿ 10 ವರ್ಷಗಳು. ಒಳಭಾಗಗಳ ದೃಶ್ಯ ಪರೀಕ್ಷೆಗಳು ಇಂಧನ ಬದಲಾವಣೆಯ ಬಿಡುವಿನಲ್ಲಿ ಹಂತಹಂತವಾಗಿ ನಡೆಯುತ್ತವೆ.

ನೀರಿನ ಪಾತ್ರ

ತಪಾಸಣೆಯನ್ನು ನೀರೊಳಗೆ ನಡೆಸುವುದು ಅನಿವಾರ್ಯತೆಯೂ ಹೌದು, ಅನುಕೂಲವೂ ಹೌದು. ನೀರು ವಿಕಿರಣಕ್ಕೆ ಉತ್ತಮ ತಡೆ. ಕೋಬಾಲ್ಟ್-60 ಹೊರಸೂಸುವ ಗಾಮಾ ಕಿರಣಗಳ ತೀವ್ರತೆ ಸುಮಾರು 60 ಸೆಂಟಿಮೀಟರ್ ನೀರನ್ನು ದಾಟುವಷ್ಟರಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಂಧನ ಬದಲಾಯಿಸುವಾಗ ಪಾತ್ರೆಯ ಮುಚ್ಚಳ ತೆಗೆದು, ಅದರ ಮೇಲಿನ ಕೊಳದಲ್ಲಿ ಸುಮಾರು 7 ಮೀಟರ್ ಆಳಕ್ಕೆ ನೀರು ತುಂಬಲಾಗುತ್ತದೆ. ಇದರಿಂದ ಮೇಲಿನ ಸೇತುವೆಯ ಮೇಲೆ ನಿಂತ ಕೆಲಸಗಾರರು ಸುರಕ್ಷಿತವಾಗಿರುತ್ತಾರೆ. ತಪಾಸಣೆಗಾಗಿ ನೀರನ್ನು ಬಸಿದು ಹಾಕಿದರೆ ಈ ರಕ್ಷಾಕವಚವೇ ಇಲ್ಲವಾಗುತ್ತದೆ.

ಎರಡನೆಯದಾಗಿ, ಶ್ರವಣಾತೀತ ಧ್ವನಿಯು ಶೋಧಕದಿಂದ ಗಾಳಿಯ ಮೂಲಕ ಉಕ್ಕಿಗೆ ದಾಟುವುದಿಲ್ಲವೆಂದೇ ಹೇಳಬಹುದು. ಶೋಧಕ ಮತ್ತು ಲೋಹದ ನಡುವೆ ದ್ರವವೊಂದು ಇರಲೇಬೇಕು. ಪಾತ್ರೆಯೊಳಗಿನ ನೀರು ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಮೂರನೆಯದಾಗಿ, ನೀರಿನ ಸಾಂದ್ರತೆಗೆ ಸರಿಸಮನಾಗಿ ತೂಗುವಂತೆ ರೂಪಿಸಿದ ರೋಬೋಟ್ ಮುಳುಗದೆ, ತೇಲದೆ ಬೇಕಾದ ಆಳದಲ್ಲಿ ನಿಲ್ಲಬಲ್ಲದು.

ರೋಬೋಟ್‌ಗಳ ವಿಧಗಳು

ಸ್ತಂಭಾಧಾರಿತ ಯಂತ್ರಗಳು: ಪಾತ್ರೆಯ ಮೇಲಂಚಿನ ಮೇಲೆ ಚೌಕಟ್ಟೊಂದನ್ನು ಕೂರಿಸಿ, ಅದರಿಂದ ಉದ್ದನೆಯ ಕಂಬವನ್ನು ಇಳಿಬಿಡಲಾಗುತ್ತದೆ. ಕಂಬಕ್ಕೆ ಜೋಡಿಸಿದ ಯಾಂತ್ರಿಕ ತೋಳು ಶೋಧಕಗಳನ್ನು ಗೋಡೆಯುದ್ದಕ್ಕೂ ಒಯ್ಯುತ್ತದೆ. ಶೋಧಕದ ಸ್ಥಾನವನ್ನು ನಿಖರವಾಗಿ ತಿಳಿಯಬಹುದಾದ್ದರಿಂದ ಬೆಸುಗೆಗಳ ಪೂರ್ಣ ಪರೀಕ್ಷೆಗೆ ಇವು ಸೂಕ್ತ. ಆದರೆ ಇವು ಭಾರವಾಗಿದ್ದು, ಕೂರಿಸಲು ದೊಡ್ಡ ಕ್ರೇನ್ ಬೇಕಾಗುತ್ತದೆ. ಕೆಲಸ ಮುಗಿಯುವವರೆಗೆ ಪಾತ್ರೆಯಲ್ಲಿ ಬೇರಾವ ಕಾರ್ಯವೂ ನಡೆಯುವುದು ಕಷ್ಟ.

ಈಜುವ ರೋಬೋಟ್‌ಗಳು: ಸಣ್ಣ ನೋದಕಗಳ ಬಲದಿಂದ ಚಲಿಸುವ ಇವು ಒಂದು ಕೇಬಲ್‌ನ ಮೂಲಕ ನಿಯಂತ್ರಣ ಕೊಠಡಿಗೆ ಜೋಡಿಸಿಕೊಂಡಿರುತ್ತವೆ. ವಿದ್ಯುತ್, ಆದೇಶ ಮತ್ತು ಚಿತ್ರ ಇವೆಲ್ಲ ಅದೇ ಕೇಬಲ್‌ನಲ್ಲಿ ಸಾಗುತ್ತವೆ. ಕಿರಿದಾದ ಜಾಗಗಳ ದೃಶ್ಯ ಪರೀಕ್ಷೆಗೆ ಇವು ಅನುಕೂಲ.

ಗೋಡೆಗೆ ಅಂಟಿ ಚಲಿಸುವ ರೋಬೋಟ್‌ಗಳು: ಹೀರುವ ಬಟ್ಟಲು, ನೋದಕದ ಒತ್ತು ಅಥವಾ ಅಯಸ್ಕಾಂತದ ಚಕ್ರಗಳ ಸಹಾಯದಿಂದ ಇವು ಗೋಡೆಯನ್ನು ಹಿಡಿದುಕೊಂಡು ಸಾಗುತ್ತವೆ. ಈಜುವ ರೋಬೋಟ್‌ನ ಚುರುಕುತನ ಮತ್ತು ಸ್ತಂಭಯಂತ್ರದ ಸ್ಥಿರತೆ ಎರಡನ್ನೂ ತಕ್ಕಮಟ್ಟಿಗೆ ಒದಗಿಸುವುದು ಇವುಗಳ ಗುರಿ.

ಪರೀಕ್ಷಾ ವಿಧಾನಗಳು

ದೃಶ್ಯ ಪರೀಕ್ಷೆಯಲ್ಲಿ ಕ್ಯಾಮೆರಾ ಮೇಲ್ಮೈಯ ಚಿತ್ರಗಳನ್ನು ಸೆರೆಹಿಡಿಯುತ್ತದೆ. ಕೂದಲೆಳೆಗಿಂತ ತೆಳುವಾದ ಬಿರುಕುಗಳನ್ನು ಗುರುತಿಸಬೇಕಾದ್ದರಿಂದ, ಪರೀಕ್ಷೆಗೆ ಮೊದಲು ಅತಿ ತೆಳುವಾದ ತಂತಿ ಅಥವಾ ಸಣ್ಣ ಅಕ್ಷರಗಳಿರುವ ಫಲಕವನ್ನು ನೀರಿನಲ್ಲಿಟ್ಟು ಕ್ಯಾಮೆರಾದ ಸ್ಪಷ್ಟತೆಯನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಬೆಳಕನ್ನು ಬೇರೆಬೇರೆ ಕೋನಗಳಿಂದ ಬೀರಿದಾಗ ನಿಜವಾದ ಬಿರುಕು ಮತ್ತು ಮೇಲ್ಮೈಯ ಗೀರಿನ ನಡುವಣ ವ್ಯತ್ಯಾಸ ತಿಳಿಯುತ್ತದೆ.

ಶ್ರವಣಾತೀತ ಪರೀಕ್ಷೆಯು ಗೋಡೆಯ ಒಳಗಣ ದೋಷಗಳನ್ನು ತೋರಿಸುತ್ತದೆ. ಶೋಧಕವು ಕಳುಹಿಸಿದ ಧ್ವನಿಯ ಸ್ಪಂದನವು ದೋಷದಿಂದಲೋ ಹಿಂಬದಿಯ ಮೇಲ್ಮೈಯಿಂದಲೋ ಪ್ರತಿಫಲಿಸಿ ಮರಳುತ್ತದೆ. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಆದ್ದರಿಂದ 20 ಸೆಂಟಿಮೀಟರ್ ದಪ್ಪದ ಗೋಡೆಯ ಹಿಂಬದಿಯನ್ನು ಮುಟ್ಟಿ ಮರಳಲು ಸ್ಪಂದನಕ್ಕೆ ಸುಮಾರು 68 ಮೈಕ್ರೋಸೆಕೆಂಡ್ ಬೇಕು. ಅದಕ್ಕೂ ಮೊದಲೇ ಪ್ರತಿಧ್ವನಿ ಬಂದರೆ ನಡುವೆ ಏನೋ ಇದೆ ಎಂದು ತಿಳಿಯಬೇಕು. ಎಷ್ಟು ಮೊದಲು ಬಂದಿದೆ ಎಂಬುದರಿಂದ ಅದರ ಆಳವನ್ನು ಲೆಕ್ಕಹಾಕಲಾಗುತ್ತದೆ.

ಸುಳಿವಿದ್ಯುತ್ ಪರೀಕ್ಷೆಯಲ್ಲಿ ಸುರುಳಿಯೊಂದರ ಮೂಲಕ ಪರ್ಯಾಯ ವಿದ್ಯುತ್ ಹರಿಸಿ, ಲೋಹದ ಮೇಲ್ಪದರದಲ್ಲಿ ಉಂಟಾಗುವ ಸುಳಿಪ್ರವಾಹಗಳನ್ನು ಅಳೆಯಲಾಗುತ್ತದೆ. ಬಿರುಕು ಇದ್ದಲ್ಲಿ ಪ್ರವಾಹದ ಹಾದಿ ಬದಲಾಗುತ್ತದೆ. ಮೇಲ್ಮೈಗೆ ಹತ್ತಿರದ ದೋಷಗಳಿಗೆ ಈ ವಿಧಾನ ಸೂಕ್ತ.

ಕಾರ್ಯಾಚರಣೆಯ ಸವಾಲುಗಳು

ವಿಕಿರಣ: ಮನುಷ್ಯನ ಇಡೀ ದೇಹಕ್ಕೆ ಅಲ್ಪಾವಧಿಯಲ್ಲಿ 4ರಿಂದ 5 ಗ್ರೇ ವಿಕಿರಣ ತಗುಲಿದರೆ, ಚಿಕಿತ್ಸೆಯಿಲ್ಲದಿದ್ದಲ್ಲಿ ಸುಮಾರು ಅರ್ಧದಷ್ಟು ಜನ ಸಾಯುತ್ತಾರೆ. ರೋಬೋಟ್‌ಗಳು ಇದಕ್ಕಿಂತ ಹಲವು ಪಟ್ಟು ತಾಳಿಕೊಳ್ಳಬಲ್ಲವಾದರೂ ಅವಕ್ಕೂ ಮಿತಿಯಿದೆ. ವಿಕಿರಣದಿಂದ ಚಿತ್ರದ ಮೇಲೆ ಬಿಳಿಯ ಚುಕ್ಕೆಗಳು ಮಳೆಯಂತೆ ಸುರಿಯುತ್ತವೆ, ಮಸೂರದ ಗಾಜು ಕಂದುಬಣ್ಣಕ್ಕೆ ತಿರುಗುತ್ತದೆ, ಅರೆವಾಹಕ ಬಿಲ್ಲೆಗಳು ಕೆಡುತ್ತವೆ, ಕೇಬಲ್‌ನ ಹೊದಿಕೆ ಗಡುಸಾಗಿ ಒಡೆಯುತ್ತದೆ. ಆದ್ದರಿಂದ ಸೂಕ್ಷ್ಮ ವಿದ್ಯುನ್ಮಂಡಲಗಳನ್ನು ಸಾಧ್ಯವಾದಷ್ಟು ನೀರಿನಿಂದ ಹೊರಗೆ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಇರಿಸಲಾಗುತ್ತದೆ.

ಸ್ಥಾನ ನಿರ್ಣಯ: ಉಪಗ್ರಹ ಆಧಾರಿತ ಸ್ಥಾನಸೂಚಕಗಳು ನೀರಿನಾಳದಲ್ಲಿ ಕೆಲಸ ಮಾಡುವುದಿಲ್ಲ. ಸುತ್ತಲೂ ಉಕ್ಕೇ ಇರುವುದರಿಂದ ದಿಕ್ಸೂಚಿಯನ್ನೂ ನಂಬುವಂತಿಲ್ಲ. ಆಳಮಾಪಕ, ಗೈರೋಸ್ಕೋಪ್ ಮತ್ತು ಪಾತ್ರೆಯೊಳಗಿನ ಗುರುತಿನ ಭಾಗಗಳನ್ನು ಆಧರಿಸಿ ಚಾಲಕರು ಸ್ಥಾನವನ್ನು ತಿಳಿಯಬೇಕು.

ಕೇಬಲ್: ರೋಬೋಟ್‌ಗೆ ಜೀವನಾಡಿಯಾದ ಕೇಬಲ್ಲೇ ಅದರ ದೊಡ್ಡ ತೊಡಕೂ ಹೌದು. ಕೊಳವೆಗಳ ನಡುವೆ ಸಿಕ್ಕಿಕೊಂಡರೆ ರೋಬೋಟ್ ಅಲ್ಲಿಯೇ ಉಳಿದು, ಮುಂದಿನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಹೊರವಸ್ತುಗಳು: ಪಾತ್ರೆಯೊಳಗೆ ಬಿದ್ದ ಒಂದು ಸಣ್ಣ ತಿರುಪು ಸಹ ನೀರಿನ ಹರಿವಿನೊಂದಿಗೆ ಸಾಗಿ ಇಂಧನ ಸರಳುಗಳಿಗೆ ಉಜ್ಜಿ ಅವನ್ನು ತೂತುಮಾಡಬಲ್ಲದು. ಆದಕಾರಣ ರೋಬೋಟ್‌ನ ಪ್ರತಿಯೊಂದು ಭಾಗವನ್ನೂ ಭದ್ರಪಡಿಸಿ, ಒಳಗೆ ಹೋದ ಮತ್ತು ಹೊರಬಂದ ವಸ್ತುಗಳ ಲೆಕ್ಕವಿಡಲಾಗುತ್ತದೆ. ಲೋಹವನ್ನು ಕೊರೆಯುವ ಕ್ಲೋರೈಡ್ ಮೊದಲಾದ ರಾಸಾಯನಿಕಗಳಿರುವ ಸಾಮಗ್ರಿಗಳ ಬಳಕೆಗೂ ನಿರ್ಬಂಧವಿದೆ.

ಪ್ರಮುಖ ಪ್ರಕರಣಗಳು

ತ್ರೀ ಮೈಲ್ ಐಲ್ಯಾಂಡ್, ಅಮೆರಿಕ

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಈ ಸ್ಥಾವರದ 2ನೇ ಘಟಕದಲ್ಲಿ ಇಂಧನದ ಒಂದು ಭಾಗ ಕರಗಿತು. ಒಳಗೆ ಏನಾಗಿದೆ ಎಂಬುದು ಮೂರು ವರ್ಷಗಳಿಗೂ ಹೆಚ್ಚು ಕಾಲ ಊಹೆಯಾಗಿಯೇ ಉಳಿಯಿತು. 1982ರ ಜುಲೈನಲ್ಲಿ ನಿಯಂತ್ರಣ ಸರಳಿನ ದ್ವಾರದ ಮೂಲಕ ಸಣ್ಣ ಕ್ಯಾಮೆರಾವೊಂದನ್ನು ನೀರು ತುಂಬಿದ ಪಾತ್ರೆಯೊಳಗೆ ಇಳಿಬಿಟ್ಟಾಗ, ಇಂಧನವಿರಬೇಕಾದ ಮೇಲ್ಭಾಗದಲ್ಲಿ ಸುಮಾರು 1.5 ಮೀಟರ್ ಆಳದ ಪೊಳ್ಳು ಕಂಡಿತು. 1985ರಲ್ಲಿ ಪಾತ್ರೆಯ ತಳಕ್ಕೆ ಇಳಿಸಿದ ಕ್ಯಾಮೆರಾಗಳು ಅಲ್ಲಿ ಕರಗಿ ಹರಿದು ಗಟ್ಟಿಯಾದ ವಸ್ತುವಿನ ರಾಶಿಯನ್ನು ತೋರಿಸಿದವು. ಇವು ಸ್ವತಃ ಚಲಿಸುವ ರೋಬೋಟ್‌ಗಳಾಗಿರಲಿಲ್ಲ. ಆದರೂ ಹಾನಿಗೊಂಡ ಪಾತ್ರೆಯನ್ನು ನೀರಿನ ಮೂಲಕ ದೂರದಿಂದಲೇ ನೋಡುವ ಕ್ರಮಕ್ಕೆ ಇದು ಮಾದರಿಯಾಯಿತು. ಇಂಧನ ತೆರವಿನ ಕಾರ್ಯ ನಡೆಯುತ್ತಿದ್ದಾಗ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಏನೂ ಕಾಣದಂತಾಗಿ ಕೆಲಸಕ್ಕೆ ತಡೆಯುಂಟಾದದ್ದೂ ಉಂಟು.

ಜಪಾನಿನ ತಪಾಸಣಾ ದಾಖಲೆಗಳ ಪ್ರಕರಣ

2002ರ ಆಗಸ್ಟ್‌ನಲ್ಲಿ ಟೋಕಿಯೋ ಎಲೆಕ್ಟ್ರಿಕ್ ಪವರ್ ಕಂಪನಿಯು (ಟೆಪ್ಕೊ) ತನ್ನ ಕೆಲವು ಸ್ಥಾವರಗಳ ತಪಾಸಣಾ ದಾಖಲೆಗಳನ್ನು ತಿದ್ದಿದ್ದ ಸಂಗತಿ ಬಯಲಾಯಿತು. ಇಂಧನವನ್ನು ಸುತ್ತುವರಿದ ಉಕ್ಕಿನ ಕವಚದಲ್ಲಿನ ಬಿರುಕುಗಳ ವಿವರಗಳೂ ಅವುಗಳಲ್ಲಿ ಸೇರಿದ್ದವು. 2003ರ ಏಪ್ರಿಲ್ ವೇಳೆಗೆ ಮರುತಪಾಸಣೆಗಾಗಿ ಕಂಪನಿಯ ಎಲ್ಲ 17 ರಿಯಾಕ್ಟರ್‌ಗಳೂ ಸ್ಥಗಿತಗೊಂಡವು. ಯಂತ್ರವು ಎಷ್ಟೇ ನಿಖರವಾಗಿ ಬಿರುಕನ್ನು ತೋರಿಸಿದರೂ ಅದನ್ನು ಪ್ರಾಮಾಣಿಕವಾಗಿ ದಾಖಲಿಸದಿದ್ದರೆ ತಪಾಸಣೆ ವ್ಯರ್ಥ ಎಂಬುದಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ಡೋಲ್ 3 ಮತ್ತು ತಿಹಾಂಜ್ 2, ಬೆಲ್ಜಿಯಂ

2012ರ ಬೇಸಿಗೆಯಲ್ಲಿ ಡೋಲ್ ಸ್ಥಾವರದ 3ನೇ ಘಟಕದ ಪಾತ್ರೆಯಲ್ಲಿ ಒಳಲೇಪನದ ಕೆಳಗೆ ಬಿರುಕುಗಳಿವೆಯೇ ಎಂದು ನೀರೊಳಗಿನ ಯಂತ್ರದಿಂದ ಶ್ರವಣಾತೀತ ಪರೀಕ್ಷೆ ನಡೆಸಲಾಯಿತು. ಹುಡುಕುತ್ತಿದ್ದ ಬಗೆಯ ಬಿರುಕುಗಳು ಸಿಗಲಿಲ್ಲ. ಬದಲಾಗಿ ಗೋಡೆಯ ಇನ್ನೂ ಆಳದಲ್ಲಿ, ಒಳಮೈಗೆ ಬಹುತೇಕ ಸಮಾನಾಂತರವಾಗಿ ಸಾವಿರಾರು ದೋಷಸೂಚನೆಗಳು ಕಂಡುಬಂದವು. ಅದೇ ವರ್ಷ ತಿಹಾಂಜ್ ಸ್ಥಾವರದ 2ನೇ ಘಟಕದಲ್ಲೂ ಇಂತಹವೇ ಪತ್ತೆಯಾದವು. ಮುಂದೆ ಸುಧಾರಿಸಿದ ವಿಧಾನದಿಂದ ಎಣಿಸಿದಾಗ ಡೋಲ್ 3ರಲ್ಲಿ 13,000ಕ್ಕೂ ಹೆಚ್ಚು, ತಿಹಾಂಜ್ 2ರಲ್ಲಿ 3,000ಕ್ಕೂ ಹೆಚ್ಚು ಸೂಚನೆಗಳು ಲೆಕ್ಕಕ್ಕೆ ಸಿಕ್ಕವು. ಉಕ್ಕನ್ನು ರೂಪಿಸುವಾಗ ಅದರಲ್ಲಿ ಉಳಿದ ಹೈಡ್ರೋಜನ್‌ನಿಂದ ಇವು ಉಂಟಾಗಿದ್ದವು ಎಂದು ತೀರ್ಮಾನಿಸಲಾಯಿತು. 2013ರಲ್ಲಿ ಮರುಚಾಲನೆ, 2014ರಲ್ಲಿ ಮತ್ತೆ ಸ್ಥಗಿತ, 2015ರ ಕೊನೆಯಲ್ಲಿ ಪುನಃ ಚಾಲನೆ, ಹೀಗೆ ಈ ಘಟಕಗಳ ಸುರಕ್ಷತೆ ಬೆಲ್ಜಿಯಂ ಹಾಗೂ ನೆರೆಯ ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ದೀರ್ಘ ವಿವಾದಕ್ಕೆ ಗುರಿಯಾಯಿತು. ಡೋಲ್ 3 ಘಟಕವು 2022ರ ಸೆಪ್ಟೆಂಬರ್‌ನಲ್ಲಿ, ತಿಹಾಂಜ್ 2 ಘಟಕವು 2023ರ ಜನವರಿಯಲ್ಲಿ ಶಾಶ್ವತವಾಗಿ ಮುಚ್ಚಲ್ಪಟ್ಟವು.

ಫುಕುಶಿಮಾ ದಾಯ್‌ಇಚಿ, 3ನೇ ಘಟಕ

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಟೆಪ್ಕೊ ಒಡೆತನದ ಈ ಸ್ಥಾವರದ 1, 2 ಮತ್ತು 3ನೇ ಘಟಕಗಳಲ್ಲಿ ಇಂಧನ ಕರಗಿ, ಒತ್ತಡ ಪಾತ್ರೆಯ ತಳವನ್ನು ಭೇದಿಸಿ ಕೆಳಗಿಳಿಯಿತು. ಒತ್ತಡ ಪಾತ್ರೆಯನ್ನು ಸುತ್ತುವರಿದ ಧಾರಕದ ತಳಭಾಗದಲ್ಲಿ ನೀರು ನಿಂತಿತ್ತು. 3ನೇ ಘಟಕದಲ್ಲಿ ಅದರ ಆಳ ಸುಮಾರು 6 ಮೀಟರ್ ಇದ್ದುದರಿಂದ ನೆಲದ ಮೇಲೆ ಸಾಗುವ ರೋಬೋಟ್ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ತೋಶಿಬಾ ಕಂಪನಿ ಮತ್ತು ಸ್ಥಾವರ ವಿಸರ್ಜನೆಯ ಸಂಶೋಧನೆಗಾಗಿ ರಚಿತವಾದ ಜಪಾನಿನ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಐರಿಡ್ ಸೇರಿ ಇದಕ್ಕಾಗಿ ಈಜುವ ರೋಬೋಟ್ ಒಂದನ್ನು ನಿರ್ಮಿಸಿದವು. ಧಾರಕದೊಳಕ್ಕೆ ಹೋಗಲು ಲಭ್ಯವಿದ್ದ ಕೊಳವೆಯ ಒಳವ್ಯಾಸ ಕೇವಲ 14 ಸೆಂಟಿಮೀಟರ್. ಹೀಗಾಗಿ ರೋಬೋಟ್‌ನ ವ್ಯಾಸವನ್ನು ಸುಮಾರು 13 ಸೆಂಟಿಮೀಟರಿಗೆ, ಉದ್ದವನ್ನು ಸುಮಾರು 30 ಸೆಂಟಿಮೀಟರಿಗೆ ಮಿತಿಗೊಳಿಸಬೇಕಾಯಿತು. ಸುಮಾರು 2 ಕಿಲೋಗ್ರಾಂ ತೂಗುವ ಇದು 200 ಗ್ರೇ ವರೆಗಿನ ಸಂಚಿತ ವಿಕಿರಣವನ್ನು ತಾಳಬಲ್ಲದಾಗಿತ್ತು. ಸನ್‌ಫಿಶ್ ಮೀನಿನ ಜಪಾನಿ ಹೆಸರಿನಿಂದ ಇದಕ್ಕೆ ‘ಮಿನಿ ಮಾನ್‌ಬೋ’ ಎಂಬ ಅಡ್ಡಹೆಸರು ಬಂದಿತು.

2017ರ ಜುಲೈ 19, 21 ಮತ್ತು 22ರಂದು ಈ ರೋಬೋಟ್ ಧಾರಕದೊಳಗೆ ಈಜಿತು. ಒತ್ತಡ ಪಾತ್ರೆಯ ಕೆಳಗಣ ನಿಯಂತ್ರಣ ಸರಳುಗಳ ಚಾಲಕ ಯಂತ್ರಗಳ ಬಳಿ, ಹಿಮದ ಕೋಲುಗಳಂತೆ ಇಳಿಬಿದ್ದು ಗಟ್ಟಿಯಾದ ವಸ್ತು ಅದರ ಚಿತ್ರಗಳಲ್ಲಿ ಕಂಡಿತು. ಕೆಳಗೆ ಕಲ್ಲಿನುಂಡೆಗಳಂತಹ ಮತ್ತು ಮರಳಿನಂತಹ ರಾಶಿಗಳಿದ್ದವು. ಕರಗಿದ ಇಂಧನದ ಅವಶೇಷವಾಗಿರಬಹುದಾದ ವಸ್ತು ಈ ಸ್ಥಾವರದ ಧಾರಕದೊಳಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಅಪಘಾತ ನಡೆದು ಆಗ ಆರು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು.

ಫುಕುಶಿಮಾ ದಾಯ್‌ಇಚಿ, 1ನೇ ಘಟಕ

ಇಲ್ಲಿ ಧಾರಕದ ತಳದಲ್ಲಿ ನೀರಿನ ಆಳ ಸುಮಾರು 2 ಮೀಟರ್ ಇತ್ತು. ಬೇರೆಬೇರೆ ಕೆಲಸಗಳಿಗಾಗಿ ರೂಪಿಸಿದ ಆರು ಬಗೆಯ ರೋಬೋಟ್‌ಗಳ ಸರಣಿಯನ್ನು ಬಳಸಲಾಯಿತು. 2022ರ ಫೆಬ್ರವರಿ 8ರಂದು ಒಳಗೆ ಇಳಿದ ಮೊದಲ ರೋಬೋಟ್‌ನ ಕೆಲಸ, ಅನಂತರ ಬರುವವುಗಳ ಕೇಬಲ್ ಸಿಕ್ಕಿಕೊಳ್ಳದಂತೆ ಅಯಸ್ಕಾಂತದ ಮಾರ್ಗದರ್ಶಿ ಬಳೆಗಳನ್ನು ಅಳವಡಿಸುವುದಾಗಿತ್ತು. ಉಳಿದವು ಚಿತ್ರೀಕರಣ, ರಾಶಿಯ ದಪ್ಪದ ಅಳತೆ, ಮೂರು ಆಯಾಮಗಳ ನಕ್ಷೆ, ನ್ಯೂಟ್ರಾನ್ ಮಾಪನ ಹಾಗೂ ಮಾದರಿ ಸಂಗ್ರಹದ ಕೆಲಸಗಳನ್ನು ಹಂಚಿಕೊಂಡವು.

2023ರ ಮಾರ್ಚ್‌ನಲ್ಲಿ ಒಂದು ರೋಬೋಟ್ ಒತ್ತಡ ಪಾತ್ರೆಯನ್ನು ಹೊತ್ತು ನಿಂತಿರುವ ವರ್ತುಲಾಕಾರದ ಪೀಠದ ಒಳಭಾಗವನ್ನು ಪ್ರವೇಶಿಸಿತು. ಪೀಠದ ಗೋಡೆಯ ಕೆಳಭಾಗದಲ್ಲಿ, ನೆಲದಿಂದ ಸುಮಾರು 1 ಮೀಟರ್ ಎತ್ತರದವರೆಗೆ, ಕಾಂಕ್ರೀಟ್ ಇಲ್ಲವಾಗಿ ಒಳಗಿನ ಕಬ್ಬಿಣದ ಸರಳುಗಳು ಮಾತ್ರ ಉಳಿದಿದ್ದುದು ಚಿತ್ರಗಳಲ್ಲಿ ಕಂಡಿತು. ಇನ್ನೊಂದು ದೊಡ್ಡ ಭೂಕಂಪವಾದರೆ ಪೀಠವು ಪಾತ್ರೆಯ ಭಾರವನ್ನು ತಡೆದೀತೇ ಎಂಬ ಪ್ರಶ್ನೆ ಇದರಿಂದ ಎದ್ದಿತು. ಜಪಾನಿನ ಪರಮಾಣು ನಿಯಂತ್ರಣ ಪ್ರಾಧಿಕಾರವು ಪೀಠವು ಆಧಾರಶಕ್ತಿಯನ್ನು ಕಳೆದುಕೊಂಡರೆ ಆಗಬಹುದಾದ ಪರಿಣಾಮಗಳನ್ನು ಪರಿಶೀಲಿಸುವಂತೆ ಸ್ಥಾವರದ ಒಡೆತನದ ಕಂಪನಿಗೆ ಸೂಚಿಸಿತು.

ಮೂರೂ ಘಟಕಗಳಲ್ಲಿ ಒಟ್ಟು ಸುಮಾರು 880 ಟನ್ ಇಂಧನಾವಶೇಷವಿದೆ ಎಂದು ಅಂದಾಜಿಸಲಾಗಿದೆ. 2024ರ ನವೆಂಬರ್‌ನಲ್ಲಿ 2ನೇ ಘಟಕದಿಂದ ಮೊದಲ ಬಾರಿಗೆ ಹೊರತೆಗೆಯಲಾದ ಮಾದರಿಯ ತೂಕ 1 ಗ್ರಾಂಗೂ ಕಡಿಮೆ.

ಭಾರತದಲ್ಲಿ

ಭಾರತದ ರಿಯಾಕ್ಟರ್‌ಗಳಲ್ಲಿ ಬಹುಪಾಲು ಒತ್ತಡದ ಭಾರಜಲ ರಿಯಾಕ್ಟರ್‌ಗಳು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಸ್ಥಾವರದ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳೂ ಇದೇ ಬಗೆಯವು. ಇವುಗಳಲ್ಲಿ ಮೇಲೆ ವಿವರಿಸಿದಂತಹ ಒಂದೇ ದೊಡ್ಡ ಒತ್ತಡ ಪಾತ್ರೆ ಇರುವುದಿಲ್ಲ. ಅದರ ಬದಲಿಗೆ ಪ್ರತಿ ಘಟಕದಲ್ಲಿ 306 ಅಡ್ಡ ಶೀತಕ ನಾಳಗಳಿದ್ದು, ಅವುಗಳ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳೇ ಒತ್ತಡವನ್ನು ತಡೆಯುತ್ತವೆ. ಯಂತ್ರ ನಡೆಯುತ್ತಿರುವಾಗಲೇ ಇಂಧನ ಬದಲಾಯಿಸಬಹುದಾದ್ದರಿಂದ ಈ ರಿಯಾಕ್ಟರ್‌ಗಳು ದೀರ್ಘಕಾಲ ನಿಲ್ಲದೆ ಓಡಬಲ್ಲವು. ಕೈಗಾದ 1ನೇ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಆ ಕಾಲಕ್ಕೆ ವಿಶ್ವದಾಖಲೆ ಸ್ಥಾಪಿಸಿತು.

ಆದ್ದರಿಂದ ಇಲ್ಲಿನ ತಪಾಸಣಾ ಯಂತ್ರಗಳ ಸ್ವರೂಪವೂ ಬೇರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಅಭಿವೃದ್ಧಿಪಡಿಸಿದ ‘ಬಾರ್ಸಿಸ್’ ಎಂಬ ವ್ಯವಸ್ಥೆಯು ಸುಮಾರು 8 ಸೆಂಟಿಮೀಟರ್ ಒಳವ್ಯಾಸದ ಈ ಕೊಳವೆಗಳೊಳಗೆ ಶೋಧಕಗಳನ್ನು ದೂರದಿಂದಲೇ ಸಾಗಿಸುತ್ತದೆ. ಶ್ರವಣಾತೀತ ಮತ್ತು ಸುಳಿವಿದ್ಯುತ್ ವಿಧಾನಗಳಿಂದ ಕೊಳವೆಯ ದಪ್ಪ, ದೋಷ ಮತ್ತು ಬಾಗುವಿಕೆಗಳನ್ನು ಅಳೆಯಲಾಗುತ್ತದೆ.

ಒತ್ತಡ ಪಾತ್ರೆಯುಳ್ಳ ರಿಯಾಕ್ಟರ್‌ಗಳು ಭಾರತದಲ್ಲೂ ಇವೆ. ಮಹಾರಾಷ್ಟ್ರದ ತಾರಾಪುರದಲ್ಲಿ 1969ರಲ್ಲಿ ಆರಂಭವಾದ ಎರಡು ಘಟಕಗಳು ಕುದಿಯುವ ನೀರಿನ ಬಗೆಯವು. ತಮಿಳುನಾಡಿನ ಕೂಡಂಕುಳಂನ 1,000 ಮೆಗಾವ್ಯಾಟ್ ಘಟಕಗಳು ರಷ್ಯಾ ವಿನ್ಯಾಸದ ಒತ್ತಡದ ನೀರಿನ ಬಗೆಯವು.

ಮಿತಿಗಳು

ರೋಬೋಟ್‌ಗಳು ಮನುಷ್ಯರಿಗೆ ತಗುಲುವ ವಿಕಿರಣವನ್ನು ಬಹಳಷ್ಟು ತಗ್ಗಿಸುತ್ತವೆ. ಆದರೆ ಅವನ್ನು ಇಳಿಸುವುದು, ಕೇಬಲ್ ಹಿಡಿಯುವುದು, ಹೊರತೆಗೆದ ಬಳಿಕ ತೊಳೆದು ವಿಕಿರಣಶೀಲ ಕೊಳೆಯನ್ನು ನಿವಾರಿಸುವುದು ಇಂದಿಗೂ ಕೆಲಸಗಾರರ ಪಾಲಿನವೇ ಆಗಿವೆ. ಕ್ಯಾಮೆರಾ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ಚಿತ್ರದಲ್ಲಿ ಕಂಡ ರಾಶಿ ಇಂಧನವೇ ಎಂಬುದನ್ನು ಖಚಿತಪಡಿಸಲು ಮಾದರಿಯ ವಿಶ್ಲೇಷಣೆ ಅಗತ್ಯ. ಶ್ರವಣಾತೀತ ಪರೀಕ್ಷೆಯ ಫಲಿತಾಂಶವೂ ಶೋಧಕದ ಕೋನ ಮತ್ತು ಪರೀಕ್ಷಿಸಿದ ವಲಯವನ್ನು ಅವಲಂಬಿಸಿರುತ್ತದೆ. ಡೋಲ್ 3ರ ದೋಷಗಳು ಪಾತ್ರೆಯ ಹುಟ್ಟಿನಿಂದಲೂ ಇದ್ದವು. ಗೋಡೆಯ ಆ ಭಾಗವನ್ನು ಆ ಬಗೆಯಲ್ಲಿ ಪರೀಕ್ಷಿಸಿದಾಗ ಮಾತ್ರ ಅವು ಬೆಳಕಿಗೆ ಬಂದವು.

ಇವನ್ನೂ ನೋಡಿ

ಪರಮಾಣು ವಿದ್ಯುತ್ ಸ್ಥಾವರ
ಕೈಗಾ ಅಣು ವಿದ್ಯುತ್ ಕೇಂದ್ರ
ಫುಕುಶಿಮಾ ದಾಯ್‌ಇಚಿ ಪರಮಾಣು ದುರಂತ
ತ್ರೀ ಮೈಲ್ ಐಲ್ಯಾಂಡ್ ಅಪಘಾತ
ಶ್ರವಣಾತೀತ ಧ್ವನಿ
ರೋಬೋಟ್